ಬುಟ್ಟಿ ಎತ್ತುವ ಮೊದಲು

ನನ್ನ ತಮ್ಮ ಜಂಬಯ್ಯ ತೀರಿಕೊಂಡು ಏಳು ತಿಂಗಳಾಯಿತು. ಅವನ ದನಿ ಮಾತ್ರ ದಿನಾ ಬೆಳಿಗ್ಗೆ ಅಡುಗೆಮನೆಯಲ್ಲಿ ಕೇಳುತ್ತದೆ. ಅವನ ಹೆಂಡತಿ ಮಹೇಶ್ವರಿ ರೊಟ್ಟಿ ಬಡಿಯುವಾಗ ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ ಕಂಪ್ಯೂಟರ್ ಆಟಗಳ ಮೇಲೆ ಅವನು ಮಾಡಿದ ಹಳೆಯ ವಿಡಿಯೋ ಹಚ್ಚುತ್ತಾಳೆ. "ನಮಸ್ಕಾರ್ರಿ. ನಾನು ಆದೋನಿ ಜಂಬಯ್ಯ. ಈ ಆಟ ಪೂರ್ತಿ ಆಡೀನಿ. ಕಂಡಿದ್ದು ಹೇಳ್ತೀನಿ, ಕಾಣದ್ದು ಹೇಳಂಗಿಲ್ಲ" ಎಂದು ಅವನು ಶುರು ಮಾಡುತ್ತಾನೆ. ಆಮೇಲೆ ಎರಡು ಸಲ ಕೆಮ್ಮುತ್ತಾನೆ. ಕೆಮ್ಮು ಕೇಳಿದ ಕೂಡಲೇ ಮಹೇಶ್ವರಿಯ ಹಿಟ್ಟಿನ ಕೈ ನೀರಿನ ಚೊಂಬಿನ ಕಡೆ ಹೋಗುತ್ತದೆ. ಮುಟ್ಟಿದ ಮೇಲೆ ನೆನಪಾಗುತ್ತದೆ. ಚೊಂಬಿನ ಮೇಲೆ ನಾಲ್ಕು ಬೆರಳಿನ ಹಿಟ್ಟು ಅಂಟಿರುತ್ತದೆ, ಅದನ್ನು ನಾನು ತೊಳೆದಿಡುತ್ತೇನೆ.

ಅವನ ವಿಡಿಯೋ ನೋಡುತ್ತಿದ್ದವರು ಈಗಲೂ ಕೇಳುತ್ತಾರಂತೆ, ಈ ಮನುಷ್ಯ ಯಾರು, ಯಾಕೆ ಸುಮ್ಮನಾದ ಎಂದು. ಅವನ ಮಗಳು ಚಂದನಾ ಗುಂತಕಲ್ಲಿನಿಂದ ಫೋನ್ ಮಾಡಿ, "ಅತ್ತಿ, ಕೊನಿಗೆ ಅಪ್ಪನ ಜೋಡಿ ಕುಂತಾಕಿ ನೀನಽ. ನೀನಽ ಬರಿ. ತಪ್ಪಿದ್ರ ನಾ ತಿದ್ದತೀನಿ" ಎಂದಳು. ನಾನು ಶಾಲೆಯಲ್ಲಿ ಓದಿದ್ದು ಮೂರನೇ ಇಯತ್ತೆವರೆಗೆ. ದಿನಕ್ಕೆ ಅರ್ಧ ಪುಟದ ಹಾಗೆ ಬರೆಯುತ್ತಿದ್ದೇನೆ.

ಜಂಬಯ್ಯ ಹತ್ತಿ ನೋಡಿ ದರ್ಜೆ ಹೇಳುವವನು. ಆದೋನಿಯ ಹತ್ತಿ ಮಾರುಕಟ್ಟೆ ಯಾರ್ಡಿನಲ್ಲಿ ಇಪ್ಪತ್ತಾರು ವರ್ಷ ಅದೇ ಕೆಲಸ ಮಾಡಿದ. ಹೊಳಗುಂದ, ಪತ್ತಿಕೊಂಡ ಕಡೆಯಿಂದ ಬಂದ ಅಂಡಿಗೆಗಳು, ಅಂದರೆ ಆಳೆತ್ತರದ ಹತ್ತಿ ಚೀಲಗಳು, ಸಾಲಾಗಿ ನಿಂತಿರುತ್ತಿದ್ದವು. ನೋಡುವವರಲ್ಲಿ ಬಹಳ ಮಂದಿ ಚೀಲದ ಬಾಯಿ ಬಿಚ್ಚಿ, ಮೇಲಿನದೊಂದು ಹಿಡಿ ತೆಗೆದು ನೋಡಿ ಮುಂದೆ ಹೋಗುತ್ತಿದ್ದರು. ಜಂಬಯ್ಯ ತೋಳನ್ನು ಬಗಲಿನವರೆಗೆ ಇಳಿಸಿ ಮೇಲಿಂದ ಒಂದು ಹಿಡಿ, ನಡುವಿನಿಂದ ಒಂದು, ಕೈ ಹೋದಷ್ಟು ತಳದಿಂದ ಒಂದು ತೆಗೆಯುತ್ತಿದ್ದ. ಬೀಜ ಬಿಡಿಸಿ, ಅರಳೆಯನ್ನು ಎರಡೂ ಹೆಬ್ಬೆರಳಿನ ನಡುವೆ ಹಿಡಿದು ಎಳೆದು, ಮತ್ತೆ ಒಂದರ ಮೇಲೊಂದು ಇಟ್ಟು ಎಳೆದು, ಬಾಚಿದ ಕೂದಲಿನ ಹಾಗೆ ಎಳೆಗಳನ್ನು ಒಂದೇ ಸಮ ಮಾಡುತ್ತಿದ್ದ. ಆಮೇಲೆ ಅದನ್ನು ಎಡತೋಳಿನ ಮೇಲೆ ಇಟ್ಟು ಉದ್ದ ನೋಡುತ್ತಿದ್ದ. ಬಿಳಿ ಎಳೆ ಕಾಣಬೇಕೆಂದು ಅವನ ಅಂಗಿಗಳ ಎಡತೋಳಿಗೆಲ್ಲ ಕರೀ ಬಟ್ಟೆಯ ತುಂಡು ಹೊಲಿದುಕೊಡುತ್ತಿದ್ದವಳು ನಾನು.

ಮನೆಗೆ ಬಂದರೂ ಆ ಚಟ ಬಿಡುತ್ತಿರಲಿಲ್ಲ. ಎಲ್ಲಿ ಕೂತರೂ ಜೇಬಿನಿಂದ ಅರಳೆ ತೆಗೆದು ಎಳೆಯುವುದು, ನೋಡುವುದು, ಪಕ್ಕದಲ್ಲಿ ಇಟ್ಟು ಏಳುವುದು. ಹೊಸ್ತಿಲ ಮೇಲೆ, ದಿಂಬಿನ ಪಕ್ಕ, ತಾಟಿನ ಪಕ್ಕ ಅವನು ಎಳೆದಿಟ್ಟ ಅರಳೆ ಬಿದ್ದಿರುತ್ತಿತ್ತು. ಆ ಎಳೆಯ ಎರಡೂ ತುದಿ ಚೂಪಾಗಿ, ನಡು ಚಪ್ಪಟೆಯಾಗಿ ಇರುತ್ತಿತ್ತು. ಗಾಳಿಗೆ ಬಂದು ಬಿದ್ದ ಅರಳೆ ಹಾಗೆ ಇರುವುದಿಲ್ಲ. ಅದು ಉಂಡೆಯಾಗಿರುತ್ತದೆ.

ಅವನ ಕಣ್ಣಿಗೆ ಊರಲ್ಲಿ ಬೆಲೆ ಇತ್ತು. "ಜಂಬಯ್ಯ ನೋಡ್ಯಾನ" ಎಂದರೆ ಎರಡನೇ ಮಾತು ಇರುತ್ತಿರಲಿಲ್ಲ. ಹತ್ತಿ ಅಲ್ಲದ್ದನ್ನೂ ಅವನಿಗೆ ತೋರಿಸುತ್ತಿದ್ದರು. ಎತ್ತು ಕೊಳ್ಳುವವರು ಕರೆಯುತ್ತಿದ್ದರು, ಹೆಣ್ಣು ನೋಡಲು ಹೋಗುವವರೂ ಕರೆಯುತ್ತಿದ್ದರು.

ಆಮೇಲೆ ಎಳೆ ಅಳೆಯುವ ಯಂತ್ರ ಬಂತು. ಅವನ ಎದೆಯಲ್ಲಿ ಅರಳೆಯ ಧೂಳು ಕೂತು ಕೆಮ್ಮೂ ಬಲಿಯಿತು. ನಲವತ್ತೇಳಕ್ಕೆ ಮನೆಗೆ ಬಂದು ಕೂತ. ಚಂದನಾ ಓದುವಾಗ ಇಟ್ಟುಕೊಂಡಿದ್ದ ಕಂಪ್ಯೂಟರು ಪಡಸಾಲೆಯ ಮೂಲೆಯಲ್ಲಿ ಹಾಗೇ ಇತ್ತು. ಅವಳು ಗಂಡನ ಮನೆಗೆ ಹೋಗುವ ಮೊದಲು ಅಪ್ಪನಿಗೆ ಒಂದೆರಡು ಆಟ ಕಲಿಸಿ ಹೋಗಿದ್ದಳು. ಖಾಲಿ ಕೈ, ಅದರ ಮೇಲೆ ಹೋಯಿತು.

ಮಹೇಶ್ವರಿ ಬಿಡುತ್ತಿರಲಿಲ್ಲ. "ಮೀಸಿ ಬೆಳ್ಳಗಾಗೈತಿ, ಗೊಂಬಿ ಓಡಿಸಿಕೆಂತ ಕುಂದರ್ತಾನ. ಮಂದಿ ಕೇಳಿದ್ರ ಏನಂತ ಹೇಳ್ಲಿ?"

"ಕೆಲಸ ಮಾಡ್ತದಾನ ಅನ್ನು."

"ಏನ್ ಕೆಲಸಾನೋ ಮಾರಾಯ?"

"ಅದಽ, ನೋಡೋ ಕೆಲಸ. ಅಂಡಿಗಿ ಬದಲಾಗೈತಿ, ಅಷ್ಟ."

"ಹಂಗಾರ ನಾ ಹಚ್ಚಿದ ಸಾರೂ ಒಂಚೂರು ನೋಡು. ಹತ್ತು ನಿಮಿಷದಿಂದ ಆರಾಕ ಹತ್ತೈತಿ."

ನಾನು ಗಂಡ ಸತ್ತ ವರ್ಷದಿಂದ ತಮ್ಮನ ಮನೆಯಲ್ಲೇ ಇದ್ದೇನೆ. ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿಯ ಕಸ ಆರಿಸುವ ಕೆಲಸ ಬಿಟ್ಟ ಮೇಲೆ ಮಧ್ಯಾಹ್ನ ನನಗೂ ಬಿಡುವು. ಅವನ ಹಿಂದೆ ಕೂತು ನೋಡುತ್ತಿದ್ದೆ. ಆಡಿ ಮುಗಿಸಿದ ಮೇಲೆ ಆ ಆಟ ಹೇಗಿದೆ ಎಂದು ಫೋನಿನ ಮುಂದೆ ಹೇಳಿ ವಿಡಿಯೋ ಹಾಕುವುದನ್ನು ಚಂದನಾ ಹೇಳಿಕೊಟ್ಟಳು. ಆದೋನಿ, ಸಿರುಗುಪ್ಪ, ಬಳ್ಳಾರಿ, ರಾಯಚೂರು ಕಡೆಯ ಮೂರು ಸಾವಿರದ ಚಿಲ್ಲರೆ ಮಂದಿ ನೋಡುವಂತಾದರು.

ಬೇರೆಯವರು ಹೇಗೆ ಹೇಳುತ್ತಾರೆ ಎಂದು ಒಂದು ದಿನ ನನಗೆ ತೋರಿಸಿದ.

"ನೋಡಕ್ಕ. ಈ ಆಟ ಇವತ್ತು ಬಂದೈತಿ. ಇವ ಇವತ್ತಽ ಹತ್ತಕ್ಕ ಒಂಬತ್ತು ಅಂತಾನ. ಆಟ ಐತಿ ನಲವತ್ತು ತಾಸಿಂದು. ಇವನ ದಿನಕ್ಕ ಎಷ್ಟು ತಾಸು ಅದಾವ?"

"ಮೊದಲಽ ಕೊಟ್ಟಿರ್ತಾರೇನೋ."

"ಕೊಡ್ತಾರ. ಅವರ ಮನ್ಯಾಗ ಉಂಡು ಅವರ ಹತ್ತಿ ನೋಡಿದಂಗ. ಈ ಇನ್ನೊಬ್ಬನ್ನ ನೋಡು, ಬರೇ ಬೈತಾನ. ಬೈದ್ರ ಇನ್ನೂ ಮಂದಿ ಕೂಡ್ತಾರ, ಜಗಳದ ಮನಿ ಮುಂದ ಕೂಡಿದಂಗ. ಇಬ್ರೂ ತ್ವಾಳು ಇಳಿಸಿಲ್ಲ. ಮ್ಯಾಲಿನ ಹಿಡಿ ಅಷ್ಟಽ."

ಜಂಬಯ್ಯ ಮಾರ್ಕು ಕೊಡುತ್ತಿರಲಿಲ್ಲ. ಎಷ್ಟು ತಾಸು ಆಡಿದೆ, ಆಟ ಯಾರಿಂದ ಬಂತು, ಎಲ್ಲಿ ಸಿಕ್ಕಿಬಿದ್ದೆ, ಅದು ಆಟದ ತಪ್ಪೋ ತನ್ನ ಬೆರಳಿನ ತಪ್ಪೋ, ಇಷ್ಟು ಹೇಳುತ್ತಿದ್ದ. ಕೊನೆಗೆ, "ಈ ಎಳಿ ಸೀರಿಗೆ ಬರಂಗಿಲ್ಲ, ಜಮಖಾನಕ್ಕ ಬರ್ತತಿ. ಜಮಖಾನ ಬೇಕಾದೋರು ತಗೋರಿ" ಎಂಬ ಹಾಗೆ ಯಾರಿಗೆ ಸರಿ ಎಂದು ಹೇಳಿ ನಿಲ್ಲಿಸುತ್ತಿದ್ದ. ಆರು ವರ್ಷ ಹೀಗೇ ನಡೆಯಿತು. ಅಷ್ಟು ವರ್ಷದಲ್ಲಿ ಅವನು ತಪ್ಪಿದ್ದು ಒಂದೇ ಆಟದಲ್ಲಿ.

ಆ ಆಟದ ಹೆಸರು 'ಬೂದಿ ಬುಟ್ಟಿ'. ಮಾಡಿದವಳು ಹೊಳಗುಂದದ ರಾಮಲಕ್ಷ್ಮಿ. ಹಗಲು ಫೋಟೋ ಸ್ಟುಡಿಯೋದಲ್ಲಿ ಮದುವೆ ವಿಡಿಯೋ ಜೋಡಿಸುವ ಕೆಲಸ, ಉಳಿದ ಹೊತ್ತಿನಲ್ಲಿ ಮೂರು ವರ್ಷ ಕೂತು ಒಬ್ಬಳೇ ಮಾಡಿದ್ದಳು. ನಮ್ಮ ಕಡೆಯ ಮಾಳಿಗೆ ಮನೆ, ನಮ್ಮ ಕಡೆಯ ಮಾತು ಇದ್ದ ಆಟ ಅದೊಂದೇ ಎಂದು ಬಹಳ ಮಂದಿ ಜಂಬಯ್ಯನ ಮಾತಿಗೆ ಕಾಯುತ್ತಿದ್ದರು.

ಆಟದೊಳಗೆ ನಾವು ಒಂದು ಮನೆಯ ಸೊಸೆ. ಮಾವ ಸತ್ತು ಮೂರನೇ ದಿನ. ನಮ್ಮಲ್ಲಿ ಮೂರನೇ ದಿನ ಪ್ರಾಣ ಹೋದ ಜಾಗವನ್ನು ಸಾರಿಸಿ, ಜರಡಿ ಹಿಡಿದ ಬೂದಿಯನ್ನು ತೆಳ್ಳಗೆ ಹರಡಿ, ಪಕ್ಕದಲ್ಲಿ ದೀಪ ಮತ್ತು ನೀರು ಇಟ್ಟು, ಬೂದಿಯ ಮೇಲೆ ಬುಟ್ಟಿ ಬೋರಲು ಹಾಕುತ್ತಾರೆ. ಮನೆಯವರೊಬ್ಬರು ಹೊಸ್ತಿಲಾಚೆ ಆ ಕಡೆಗೆ ಬೆನ್ನು ಮಾಡಿ ಕೂರಬೇಕು. ಒಳಗೆ ಯಾರೂ ಕಾಲಿಡುವಂತಿಲ್ಲ. ಹೊತ್ತು ಕಳೆದ ಮೇಲೆ ಬುಟ್ಟಿ ಎತ್ತಿ, ಬೂದಿಯಲ್ಲಿ ಯಾವ ಗುರುತು ಮೂಡಿದೆ ಎಂದು ನೋಡಿ ಹೇಳುತ್ತಾರೆ. ಹಕ್ಕಿಯ ಪಾದ ಕಂಡರೆ ಹೋದವರು ಹಗುರಾಗಿ ಹೋದರು ಎನ್ನುತ್ತಾರೆ.

ಜಂಬಯ್ಯ ಆ ಆಟವನ್ನು ಎರಡೂವರೆ ತಾಸು ಆಡಿದ. ಬೂದಿ ಹರಡಿದ, ಬುಟ್ಟಿ ಮುಚ್ಚಿದ, ಆಮೇಲೆ ಊರೆಲ್ಲ ಓಡಾಡಿ ದೆವ್ವ ಹುಡುಕಿದ. ಬಾವಿಯಲ್ಲಿ ಇಣುಕಿದ, ಹಾಳುಗುಡಿಗೆ ಹೋಗಿ ಬಂದ. ಏನೂ ಸಿಗಲಿಲ್ಲ. ತಿರುಗಿ ಬಂದು ಬುಟ್ಟಿ ಎತ್ತಿದ. ಬೂದಿಯಲ್ಲಿ ಒಂದು ಮನುಷ್ಯನ ಹೆಜ್ಜೆ ಇತ್ತು. 'ಯಾರೋ ಬಂದಿದ್ದರು' ಎಂದು ಅಕ್ಷರ ಬಂದು ಆಟ ಮುಗಿಯಿತು.

ಅವನು ವಿಡಿಯೋದಲ್ಲಿ ಹೇಳಿದ್ದು ಇದು: "ಈ ಶಾಸ್ತ್ರ ನಮಗ ಹೊಸದಲ್ರಿ. ನಮ್ಮ ಮನ್ಯಾಗ ಮಾಡೀವಿ, ಬುಟ್ಟಿ ನಾನಽ ಎತ್ತೀನಿ. ಆಕಿ ಮನಿ ಚಂದ ಕಟ್ಯಾಳ, ಒಳಗ ಏನೂ ಇಟ್ಟಿಲ್ಲ. ಮ್ಯಾಲೆ ಅರಳಿ, ತಳಕ್ಕ ಬರೇ ಕಸ."

ನೋಡಿದವರು ನಕ್ಕರು. ರಾಮಲಕ್ಷ್ಮಿಗೆ ಏನೇನೋ ಬರೆದರು. ಅವಳು ಯಾರಿಗೂ ತಿರುಗಿ ಅನ್ನಲಿಲ್ಲ. ಜಂಬಯ್ಯನ ವಿಡಿಯೋದ ಕೆಳಗೆ ಒಂದೇ ಸಾಲು ಬರೆದಳು: 'ಅಣ್ಣಾ, ಬುಟ್ಟಿ ಎತ್ತೂಕಿಂತ ಮೊದಲು ಎಷ್ಟೊತ್ತು ಕುಂತಿದ್ರಿ?' ಅದಾದ ಮೇಲೆ ಎರಡನೇ ಆಟ ಮಾಡುವುದನ್ನು ನಿಲ್ಲಿಸಿದ್ದೇನೆ ಎಂದು ತನ್ನ ಪುಟದಲ್ಲಿ ಹಾಕಿ ಸುಮ್ಮನಾದಳಂತೆ.

ಅವನು ಆ ಸಾಲಿಗೆ ಉತ್ತರ ಕೊಡಲಿಲ್ಲ. ಆದರೆ ಅದು ಅವನನ್ನು ಬಿಡಲಿಲ್ಲ. ಉಣ್ಣುವಾಗ ಕೈ ನಿಲ್ಲಿಸಿ, "ಎಷ್ಟೊತ್ತು ಅಂದ್ರ ಏನು?" ಎನ್ನುತ್ತಿದ್ದ. ಬೇರೆ ಆಟ ಆಡುವಾಗ ಕಿವಿಯ ಹೆಡ್‌ಫೋನ್ ತೆಗೆದು ತಿರುಗಿ ನೋಡುತ್ತಿದ್ದ.

"ನಾ ಇಲ್ಲೇ ಅದೀನಿ" ಎನ್ನುತ್ತಿದ್ದೆ.

"ನೀನಲ್ಲಕ್ಕ. ನಿನ್ನ ಈಚೀಕ ಯಾರೋ ಕುಂತಂಗಾತು."

ನನ್ನ ಈಚೆ ಹತ್ತಿಯ ದಿಂಬು ಮಾತ್ರ ಇರುತ್ತಿತ್ತು. ಮೂರ್ನಾಲ್ಕು ಸಲ ಹೀಗಾದ ಮೇಲೆ ಆ ದಿಂಬನ್ನು ತೆಗೆದು ಒಳಗಿಟ್ಟೆ. ಆಮೇಲೂ ಅವನು ಅದೇ ಜಾಗವನ್ನೇ ತಿರುಗಿ ನೋಡುತ್ತಿದ್ದ.

ಅದೇ ವರ್ಷ ಸಕ್ಕರೆ ಕಾಯಿಲೆ ಅವನ ಕಣ್ಣಿಗೆ ಇಳಿಯಿತು. ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು ಮಂಜಾದವು. ಪರದೆಯ ಮೇಲೆ ಬೆಳಕು ಕಾಣುತ್ತದೆ, ಅಂಚು ಕಾಣುವುದಿಲ್ಲ ಎನ್ನುತ್ತಿದ್ದ. ಕೆಮ್ಮು ಜಾಸ್ತಿಯಾಗಿತ್ತು. ಡಾಕ್ಟರು ಎದೆಯ ಫೋಟೋ ನೋಡಿ ನಮ್ಮ ಮುಂದೆ ಏನೂ ಹೇಳದೆ ಚಂದನಾಳನ್ನು ಹೊರಗೆ ಕರೆದರು. ಅಲ್ಲಿಂದ ಬಂದ ದಿನ ಜಂಬಯ್ಯ ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿಕೊಂಡ.

"ಅಕ್ಕ, ಆ ಹುಡುಗಿಗೆ ಜವಾಬು ಕೊಟ್ಟಿಲ್ಲ ನಾನು. ಕೊಡದಽ ಹೋದ್ರ ಇಪ್ಪತ್ತಾರು ವರ್ಷ ನೋಡಿದ್ದೆಲ್ಲಾ ಸುಳ್ಳಾಗ್ತತಿ. ನನಗ ಕಾಣಂಗಿಲ್ಲ. ನೀ ನೋಡಿ ಹೇಳು. ಇದ್ದದ್ದು ಹೇಳು."

ನಾನು ಮೊದಲು ಆ ಆಟದ ಹಳೆಯ ವಿಡಿಯೋ ಹಾಕು ಎಂದೆ. ಅವನು ಆಡಿದ್ದೆಲ್ಲ ಅದರಲ್ಲಿ ಇತ್ತು. ಬುಟ್ಟಿ ಎತ್ತಿದ ಕಡೆ ನಿಲ್ಲಿಸಲು ಹೇಳಿ, ಕುರ್ಚಿ ಎಳೆದುಕೊಂಡು ಆ ಹೆಜ್ಜೆಯನ್ನು ನೋಡಿದೆ. ಮಿಲ್ಲಿನಲ್ಲಿ ಬಿಳಿ ಹತ್ತಿಯಲ್ಲಿ ಎಳ್ಳಿನಷ್ಟು ಎಲೆ ಚೂರು ಹುಡುಕಿದ ಕಣ್ಣು ನನ್ನದು, ಇನ್ನೂ ಕೆಟ್ಟಿಲ್ಲ.

"ಎಡಗಾಲು. ಸಣ್ಣ ಪಾದ. ಬೆರಳು ಹಿತ್ತಿಲ ಕಡಿಗೆ ಅದಾವ" ಎಂದೆ.

"ಹ್ಞೂಂ."

"ಎರಡನೇ ಬೆರಳಿನ ಬುಡಕ್ಕ ಒಂದು ಗೆರಿ ಬಿದ್ದೈತಿ, ಅಡ್ಡಕ್ಕ. ಕಾಲುಂಗುರದ ಗೆರಿ."

ಜಂಬಯ್ಯ ಕಿವಿಯನ್ನು ನನ್ನ ಕಡೆ ತಿರುಗಿಸಿದ.

"ಸತ್ತವ ಮಾವ. ಗಂಡಸು. ಕಾಲುಂಗುರ ಸೊಸಿಗೆ. ಹಿಂದಕ್ಕ ಹೋಗಿಸು."

ಹಿಂದಕ್ಕೆ ಹೋಗಿ ನೋಡಿದೆವು. ಬೂದಿ ಹರಡಿದ ಮೇಲೆ ಬುಟ್ಟಿ ತರಬೇಕು. ಬುಟ್ಟಿ ಹಿತ್ತಿಲಲ್ಲಿ ಇತ್ತು. ಜಂಬಯ್ಯ ಗೋಡೆಯ ಬದಿಯಿಂದ ಸುತ್ತಿ ಹೋಗದೆ, ನೆಟ್ಟಗೆ ಬೂದಿಯ ಮೇಲೇ ಹಾದು ಹೋಗಿದ್ದ. ತಂದ ಬುಟ್ಟಿಯನ್ನು ತನ್ನ ಹೆಜ್ಜೆಯ ಮೇಲೆಯೇ ಮುಚ್ಚಿದ್ದ.

"ತುಳದೆ" ಎಂದ. "ಮನ್ಯಾಗ ಆಗಿದ್ರ ತುಳೀತಿದ್ನೇನಕ್ಕ? ಆಟ ಐತಿ ಅಂತ ತುಳದೆ. ಶಾಸ್ತ್ರ ಎಲ್ಲಾ ಗೊತ್ತೈತಿ, ಮುಂದೇನು ಬರ್ತತಿ ಅಂತ ಓಡಿದೆ. ಗೊತ್ತಿಲ್ಲದಾವ ಆಗಿದ್ರ ನಿಂತು ನೋಡ್ತಿದ್ದ."

ಮರುದಿನ ಮಧ್ಯಾಹ್ನ ಊಟವಾದ ಮೇಲೆ ಆಟವನ್ನು ಮೊದಲಿನಿಂದ ಶುರು ಮಾಡಿದೆವು. ಮಹೇಶ್ವರಿ ತಂಗಿಯ ಮನೆಗೆ ಹೋಗಿದ್ದಳು. ಸದ್ದು ಸರಿಯಾಗಿ ಕೇಳಲೆಂದು ಫ್ಯಾನ್ ಆರಿಸಿದ್ದೆ. ಹೊರಗೆ ಬಿಸಿಲಿಗೆ ಬಂಡೆ ಕಾದು ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಕೈ ಅವನದು, ಕಣ್ಣು ನನ್ನದು.

"ಗ್ವಾಡಿ ಹಿಡಕೊಂಡು ಹೋಗು. ಎಡಕ್ಕ. ಇನ್ನೊಂಚೂರು. ಈಗ ಬುಟ್ಟಿ ಎತ್ತಿಕೋ. ಬಂದ ದಾರಿ ಹಿಡಿ."

ಬುಟ್ಟಿ ಮುಚ್ಚಿ ಹೊಸ್ತಿಲಾಚೆ ಬಂದಾಗ ಅಲ್ಲಿ ಒಂದು ಕಲ್ಲು ಇತ್ತು. ಮೊದಲ ಸಲ ಅವನು ಅದನ್ನು ದಾಟಿ ಓಡಿದ್ದ. ಅದರ ಹತ್ತಿರ ನಿಂತರೆ ಕೂರಲು ಬರುತ್ತಿತ್ತು. ಕೂತೆವು. ಒಂದು ಗುಂಡಿಯನ್ನೂ ಒತ್ತಬೇಡ ಎಂದು ಅವನ ಎರಡೂ ಕೈ ತೆಗೆದು ಅವನ ತೊಡೆಯ ಮೇಲೆ ಇಟ್ಟೆ.

ಆಟದಲ್ಲಿ ಹತ್ತು ನಿಮಿಷ ಏನೂ ಆಗಲಿಲ್ಲ. ಎಲ್ಲೋ ಒನಕೆಯ ಸದ್ದು, ಒಂದು ಆಡು, ಅಷ್ಟೇ. ಎದುರು ಗೋಡೆಯ ಮೇಲಿನ ಬಿಸಿಲಿನ ತುಂಡು ಒಂದು ಬೆರಳಿನಷ್ಟು ಸರಿಯಿತು. ಜಂಬಯ್ಯನ ಕೈ ಎರಡು ಸಲ ಎದ್ದಿತು. ಎರಡು ಸಲವೂ ಮಣಿಕಟ್ಟು ಹಿಡಿದು ಕೆಳಗಿಟ್ಟೆ.

ಆಮೇಲೆ ಮಂದಿ ಬರತೊಡಗಿದರು. ಒಬ್ಬೊಬ್ಬರೇ ಬಂದು ನಮ್ಮ ಎದುರು ಕೂತು ಸತ್ತವನ ಬಗ್ಗೆ ಹೇಳಿ ಎದ್ದು ಹೋಗುತ್ತಿದ್ದರು. ಅವನು ಬಾವಿಗೆ ಬಿದ್ದ ಕರುವನ್ನು ಎತ್ತಿದ್ದನ್ನು ಒಬ್ಬ ಮುದುಕ ಹೇಳಿದ. ಒಬ್ಬಳು ಬಂದು ಹತ್ತು ವರ್ಷ ಅವನು ತನ್ನ ಜೊತೆ ಮಾತು ಬಿಟ್ಟಿದ್ದ ಎಂದು ಹೇಳಿ ಅತ್ತಳು. ಇಬ್ಬರು ಕೆಟ್ಟದ್ದನ್ನೇ ಹೇಳಿದರು. ಒಟ್ಟು ಏಳು ಜನ. ನಾನು ಅವರ ಉಡುಗೆ, ಅವರ ಕೈ, ಅವರು ಎಲ್ಲಿ ನೋಡುತ್ತಿದ್ದರು ಎಂಬುದನ್ನು ಜಂಬಯ್ಯನಿಗೆ ಹೇಳುತ್ತಾ ಹೋದೆ. ಏಳೂ ಜನ ಹೋಗುವಾಗ ನಮ್ಮ ಪಕ್ಕದ ಖಾಲಿ ಜಾಗವನ್ನು ಒಮ್ಮೆ ನೋಡಿ ಹೋದರು. ಅದನ್ನೂ ಹೇಳಿದೆ.

ನಲವತ್ತೆರಡು ನಿಮಿಷವಾಗಿತ್ತು. ಹಿಂದೆ ಒಂದು ಕೆಮ್ಮು ಕೇಳಿತು. ಒಂದೇ ಒಂದು, ಮುಚ್ಚಿದ ಬಾಯಿಯ ಕೆಮ್ಮು.

"ಅದು ಆಟದಾಗಿಂದೋ ನಿಂದೋ?" ಎಂದೆ.

"ನಂದಲ್ಲ."

ನಾನು ತಿರುಗಿ ನೋಡಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಸತ್ತ ನನ್ನ ಗಂಡ ಗಾದಿಲಿಂಗ ಹಾಗೇ ಕೆಮ್ಮುತ್ತಿದ್ದ, ಬಾಯಿಗೆ ಟವೆಲ್ಲು ಹಿಡಿದುಕೊಂಡು. ಇದು ಆಟವನ್ನು ಮಾಡಿದವಳಿಗೆ ಗೊತ್ತಿರಲು ಸಾಧ್ಯವಿಲ್ಲ.

ಒಳಗೆ ಹೋಗಿ ಬುಟ್ಟಿ ಎತ್ತಿದೆವು. ಬೂದಿ ಹರಡಿದ ಹಾಗೇ ಇತ್ತು. ಹೆಜ್ಜೆ ಇಲ್ಲ, ಗೆರೆ ಇಲ್ಲ. ಈ ಸಲ ಅಕ್ಷರವೂ ಬರಲಿಲ್ಲ, ಆಟವೂ ಮುಗಿಯಲಿಲ್ಲ.

"ತಿರುಗು. ನಾವು ಕುಂತ ಕಡಿಗೆ ನೋಡೂಣು" ಎಂದೆ.

ತಿರುಗಿದ. ನಾವು ಕೂತಿದ್ದ ಕಲ್ಲಿನ ಪಕ್ಕದಲ್ಲಿ, ಆ ಖಾಲಿ ಜಾಗದಲ್ಲಿ, ಬೂದಿಯ ಎರಡು ಹೆಜ್ಜೆ ಇದ್ದವು. ದೊಡ್ಡ ಪಾದ, ಉಂಗುರ ಇಲ್ಲ. ಅಷ್ಟು ಹೊತ್ತೂ ಸತ್ತ ಮಾವ ನಮ್ಮ ಜೊತೆ ಕೂತು ಊರವರ ಮಾತು ಕೇಳಿದ್ದ. ನಾನು ಇದನ್ನು ಹೇಳಿದಾಗ ಜಂಬಯ್ಯ, ಕಾಣದಿದ್ದರೂ, ಪರದೆಯ ಹತ್ತಿರಕ್ಕೆ ಮುಖ ತಂದ.

ಆಗ ನಾನು ಕೇಳಿದೆ. ಕೇಳಬೇಕೆಂದು ಕೂತಿರಲಿಲ್ಲ, ಬಾಯಿಗೆ ಬಂತು.

"ಜಂಬೂ, ನಿಮ್ಮ ಮಾವನ ಮೂರನೇ ದಿನ, ಬುಟ್ಟಿ ಎತ್ತೂಕಿಂತ ಮೊದಲು ನೀ ಎಷ್ಟೊತ್ತು ಕುಂತಿದ್ದಿ?"

ನನ್ನ ಗಂಡನನ್ನು ಅವನು ಮಾವ ಎನ್ನುತ್ತಿದ್ದ. ಗಾದಿಲಿಂಗನ ಬುಟ್ಟಿ ಎತ್ತಿದವನು ಜಂಬಯ್ಯ. ನಾನು ಮೂಲೆಯಲ್ಲಿದ್ದೆ, ನನಗೆ ನೋಡುವಂತಿರಲಿಲ್ಲ. 'ಹಕ್ಕಿ ಪಾದ ಐತಿ. ಮಾವ ಹಗುರ ಹೋಗ್ಯಾನ' ಎಂದು ಅವನು ಎಲ್ಲರ ಮುಂದೆ ಹೇಳಿದ. ಜಂಬಯ್ಯ ನೋಡಿದ್ದಾನೆ ಎಂದು ಯಾರೂ ಎರಡನೇ ಸಲ ಬಗ್ಗಿ ನೋಡಲಿಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ಮಾಳಿಗೆಯ ಮೇಲೆ ಒಂದು ಹಿಡಿ ಜೋಳ ಹಾಕುತ್ತಿದ್ದೇನೆ. ಬಂದ ಹಕ್ಕಿಗಳನ್ನು ಒಂದೊಂದಾಗಿ ನೋಡುತ್ತೇನೆ.

ಅವನು ಜೇಬಿಗೆ ಕೈ ಹಾಕಿ ಅರಳೆ ತೆಗೆದು ಎಳೆದ.

"ಕುಂದರಲಿಲ್ಲಕ್ಕ. ಯಾರ್ಡಿನಾಗ ಅವತ್ತು ದೊಡ್ಡ ಬಾಜಾರ, ಹೋಗೂದಿತ್ತು. ಬಂದವನಽ ಎತ್ತಿದೆ."

"ಬೂದ್ಯಾಗ ಏನಿತ್ತು?"

"ಬೂದಿ ನೋಡಲಿಲ್ಲ. ನಿನ್ನ ಮಾರಿ ನೋಡಿದೆ. ನೋಡಿ ಹೇಳಿದೆ."

ನಾನು ಎದ್ದು ಫ್ಯಾನ್ ಹಚ್ಚಿದೆ. ಅವನಿಗೆ ನೀರು ಕೊಟ್ಟೆ. ಮರುದಿನ ಬೆಳಿಗ್ಗೆ ಜೋಳ ಹಿಡಿದು ಮಾಳಿಗೆ ಹತ್ತಿದೆ. ಹಾಕಲೋ ಬೇಡವೋ ಎಂದು ಬಹಳ ಹೊತ್ತು ನಿಂತೆ. ಹಕ್ಕಿಗಳು ಬಂದು ಕಾಯುತ್ತಿದ್ದವು. ಹಾಕಿದೆ.

ಕೆಳಗಿಳಿದು ಬಂದಾಗ ಅವನು ಫೋನು ಎದುರಿಗಿಟ್ಟುಕೊಂಡು ವಿಡಿಯೋ ಮಾಡುತ್ತಿದ್ದ. "ನಮಸ್ಕಾರ್ರಿ. ನಾನು ಆದೋನಿ ಜಂಬಯ್ಯ. 'ಬೂದಿ ಬುಟ್ಟಿ' ಆಟ ನಾನು ನೋಡದಽ ಹೇಳಿದ್ದೆ. ರಾಮಲಕ್ಷ್ಮೆವ್ವ, ನೀ ಕೇಳಿದ್ದಕ್ಕ ಜವಾಬು: ನಾ ಒಂದು ನಿಮಿಷಾನೂ ಕುಂತಿರಲಿಲ್ಲ. ಬೂದ್ಯಾಗಿನ ಹೆಜ್ಜಿ ನಂದಽ. ನಿನ್ನಿ ನಮ್ಮಕ್ಕ ಉರುಕುಂದಮ್ಮನ ಜೋಡಿ ನಲವತ್ತೆರಡು ನಿಮಿಷ ಕುಂತೆ. ಆಕಿ ಕಂಡಿದ್ದು ಹೇಳ್ತೀನಿ, ನನಗ ಈಗ ಕಣ್ಣು ಕಾಣಂಗಿಲ್ಲ." ಏಳು ಜನರ ಮಾತನ್ನೂ ಕಲ್ಲಿನ ಪಕ್ಕದ ಹೆಜ್ಜೆಯನ್ನೂ ಹೇಳಿದ. ಆಟದಲ್ಲಿ ಬಾವಿಯ ಕಡೆಯ ದಾರಿ ಉದ್ದವಾಯಿತು, ಹಾಳುಗುಡಿ ಬೇಕಾಗಿರಲಿಲ್ಲ ಎಂದೂ ಹೇಳಿದ. ಕೊನೆಗೆ, "ಇದಕ್ಕೂ ಮೊದಲು ಮನ್ಯಾಗೂ ಒಮ್ಮಿ ನೋಡದಽ ಹೇಳೀನಿ. ಅದು ಯಾರಿಗೆ ಹೇಳಬೇಕೋ ಅವರಿಗೆ ಹೇಳೀನಿ" ಎಂದು ನಿಲ್ಲಿಸಿದ.

ಎಂಟು ದಿನಕ್ಕೆ ರಾಮಲಕ್ಷ್ಮಿ ಹೊಳಗುಂದದಿಂದ ಬಸ್ಸು ಹತ್ತಿ ಬಂದಳು. ತೆಳ್ಳಗಿನ ಹುಡುಗಿ, ಉಗುರಿನ ಸುತ್ತ ಕಚ್ಚಿಕೊಂಡ ಗುರುತು.

"ಬಾವಿ ದಾರಿ ಉದ್ದಾಗೈತಿ ಅಂದ್ರಲ್ಲಣ್ಣಾ, ಅದು ಖರೇನಽ. ಹಾಳುಗುಡಿ ಮಾತ್ರ ತೆಗಿಯಂಗಿಲ್ಲ" ಎಂದಳು.

"ಯಾಕವ್ವ?"

"ಓಡೋರಿಗೆ ಎಲ್ಲರ ಒಂದು ಕಡಿ ಓಡಾಕ ಬೇಕಲ್ಲ."

ಜಂಬಯ್ಯ ನಕ್ಕ. ನಕ್ಕಿದ್ದು ಕೆಮ್ಮಾಯಿತು. ಕೆಮ್ಮು ನಿಲ್ಲುವವರೆಗೆ ಅವಳು ತಲೆ ಓರೆ ಮಾಡಿ ಕೇಳುತ್ತಿದ್ದಳು. ನಾನು ಅವಳನ್ನು ಬಾಗಿಲವರೆಗೆ ಕಳಿಸಲು ಹೋದಾಗ ಆಟದಲ್ಲಿನ ಕೆಮ್ಮು ಯಾರದು ಎಂದು ಕೇಳಿದೆ.

"ಕೆಮ್ಮಾ? ನಾ ಕೆಮ್ಮು ಇಟ್ಟಿಲ್ಲಲ್ಲ ಅಮ್ಮಾ" ಎಂದಳು. ಸ್ವಲ್ಪ ಯೋಚಿಸಿ, "ಕದ ಕಿರಗುಟ್ಟೋದು ಇಟ್ಟೀನಿ. ಅದಽ ಹಂಗ ಕೇಳಿರಬೇಕು" ಎಂದಳು. ಇರಬಹುದು. ಅವಳು ಎರಡನೇ ಆಟವನ್ನು ಮತ್ತೆ ಶುರು ಮಾಡಿದ್ದಾಳೆಂದು ಚಂದನಾ ಈಚೆಗೆ ಹೇಳಿದಳು.

ಜಂಬಯ್ಯ ಅದಾದ ಮೇಲೆ ಎರಡು ತಿಂಗಳು ಇದ್ದ. ಒಂದು ಬುಧವಾರ ಬೆಳಿಗ್ಗೆ, ಬಿಸಿಲು ಪಡಸಾಲೆಗೆ ಬಂದ ಹೊತ್ತಿನಲ್ಲಿ, ಕಂಪ್ಯೂಟರಿನ ಮುಂದಿನ ಚಾಪೆಯ ಮೇಲೆ ಹೋದ.

ಮೂರನೇ ದಿನ ಬುಟ್ಟಿ ನೋಡುವವರು ಯಾರು ಎಂಬ ಮಾತು ಬಂತು. ವಿಧವೆ ನೋಡಬಾರದು ಎಂದು ಬಂಧುಗಳಲ್ಲಿ ಒಬ್ಬರು ಅಂದರು. ಮಹೇಶ್ವರಿ ಮೂರು ದಿನದಿಂದ ಬಾಯಿ ಬಿಟ್ಟಿರಲಿಲ್ಲ, ಆಗ ಬಿಟ್ಟಳು: "ನೋಡಾಕ ಬರೋರು ನೋಡ್ಲಿ. ಈ ಮನ್ಯಾಗ ನೋಡಾಕ ಬರೋದು ಈಗ ಅತ್ತಿಗೆಮ್ಮಗ ಒಬ್ಬಾಕಿಗಽ."

ನಾನೇ ಬೂದಿ ಜರಡಿ ಹಿಡಿದೆ. ಗೋಡೆಯ ಬದಿಯಿಂದ ಸುತ್ತಿ ಹೋಗಿ ಬುಟ್ಟಿ ತಂದು ಮುಚ್ಚಿದೆ. ಹೊಸ್ತಿಲಾಚೆಯ ಕಟ್ಟೆಯನ್ನು ಮಹೇಶ್ವರಿ ಆಗಷ್ಟೇ ಒದ್ದೆ ಬಟ್ಟೆಯಿಂದ ಒರೆಸಿದ್ದಳು. ಅದು ಆರಿದ ಮೇಲೆ ಅಲ್ಲಿ ಬೆನ್ನು ಹಾಕಿ ಕೂತೆ. ಬೆಳಿಗ್ಗೆ ಎಂಟರಿಂದ ಹತ್ತೂಕಾಲಿನವರೆಗೆ ಕೂತೆ. ಬಂದವರೆಲ್ಲ ಎದುರಿಗೆ ನಿಂತು ಜಂಬಯ್ಯನ ಮಾತಾಡಿ ಹೋದರು. ನನ್ನ ಪಕ್ಕ ಯಾರೂ ಕೂರಲಿಲ್ಲ. ಹಿಂದೆ ಸದ್ದಾಗಲಿಲ್ಲ. ಕೆಮ್ಮು ಕೇಳುತ್ತದೇನೋ ಎಂದು ಕಿವಿ ಕೊಟ್ಟಿದ್ದೆ, ಕೇಳಲಿಲ್ಲ.

ಬುಟ್ಟಿ ಎತ್ತಿದಾಗ ಎಲ್ಲರೂ ಬಾಗಿಲಲ್ಲಿ ಕೂಡಿದ್ದರು. ಚಂದನಾ ನನ್ನ ಸೆರಗು ಹಿಡಿದಿದ್ದಳು.

"ಹಕ್ಕಿ ಐತೇನತ್ತಿ?"

ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಬೂದಿಯನ್ನೇ ನೋಡಿದೆ.

"ಬಲಗಡಿ ಅಂಚಿನಾಗ ಒಂದು ಗೆರಿ ಐತಿ, ಗೇಣುದ್ದ. ಇರುವಿ ಹೋದ ಸಾಲು ಇರಬಹುದು. ಹಕ್ಕಿ ಇಲ್ಲವ್ವ. ಬ್ಯಾರೆ ಏನೂ ಇಲ್ಲ."

ಯಾರೋ ಹಿಂದೆ ನಿಟ್ಟುಸಿರು ಬಿಟ್ಟರು. ಚಂದನಾ ಸೆರಗನ್ನು ಬಿಡಲಿಲ್ಲ. ಆಮೇಲೆ ನಾನು ತಿರುಗಿ, ನಾನು ಕೂತಿದ್ದ ಕಡೆ ಹೋಗಿ ನೋಡಿದೆ.

ಕಟ್ಟೆಯ ಮೇಲೆ, ನಾನು ಕೂತಿದ್ದ ಜಾಗದ ಎಡಕ್ಕೆ, ಒಂದು ಅರಳೆ ಇತ್ತು. ಆದೋನಿಯಲ್ಲಿ ಅರಳೆ ಎಲ್ಲೆಲ್ಲೂ ಹಾರುತ್ತದೆ, ಇದನ್ನೂ ಹೇಳಬೇಕು. ಕೈಯಲ್ಲಿ ಎತ್ತಿಕೊಂಡೆ. ಅದು ಉಂಡೆಯಾಗಿರಲಿಲ್ಲ. ಎರಡೂ ತುದಿ ಚೂಪಾಗಿ, ನಡು ಚಪ್ಪಟೆಯಾಗಿ, ಎಳೆಗಳು ಒಂದೇ ಸಮ ಇದ್ದವು. ನನ್ನ ಸೀರೆಯ ಕರೀ ಅಂಚಿನ ಮೇಲೆ ಇಟ್ಟು ನೋಡಿದೆ. ಒಂದು ಅಂಗುಲಕ್ಕಿಂತ ಒಂದು ಕೂದಲಿನಷ್ಟು ಹೆಚ್ಚಿತ್ತು.